ನಾನು ಮುಚ್ಚಿದ ಮೂವತ್ತಾರು ಸೀಳುಗಳು

ಮಂಗಳೂರಿನ ಹಂಪನಕಟ್ಟೆಯ ಒಂದು ಓಣಿಯಲ್ಲಿ ರೇಡಿಯೋ, ಟಿ.ವಿ. ಬಿಡಿಭಾಗ ಮಾರುವ ಹಳೆಯ ಅಂಗಡಿಯೊಂದು ಇನ್ನೂ ಉಳಿದಿದೆ. ಕಳೆದ ವರ್ಷ ಜೂನ್ ತಿಂಗಳಲ್ಲಿ ಫ್ಯಾನಿಗೆ ಕೆಪಾಸಿಟರ್ ತರಲು ಅಲ್ಲಿಗೆ ಹೋಗಿದ್ದೆ. ಅಂಗಡಿಯವನು ಅಟ್ಟದಿಂದ ಡಬ್ಬಿ ಇಳಿಸುವಾಗ ಪಕ್ಕದ ಪೊಟ್ಟಣವೊಂದು ಬಿದ್ದು ಒಡೆದು, ಕಂದು ಪುಡಿ ಮೇಜಿನ ಮೇಲೆಲ್ಲ ಚೆಲ್ಲಿತು. ಹೊರಗಿನ ಮಳೆಯ ತೇವ ತಾಗಿದ್ದೇ ಆ ಪುಡಿ ಬೆವರತೊಡಗಿತು. ತುಕ್ಕು ಹಿಡಿದ ಮೊಳೆಯನ್ನು ನಾಲಗೆಯ ಮೇಲಿಟ್ಟಂಥ ವಾಸನೆ ಮೂಗಿಗೆ ಹೊಡೆಯಿತು.

"ಎಂತ ಶೆಟ್ರೆ, ಮುಖ ಹಾಗೆ ಮಾಡಿದ್ದೀರಿ? ಫೆರಿಕ್ ಕ್ಲೋರೈಡ್ ಅಷ್ಟೆ. ನೀವು ಇದರಲ್ಲೇ ಮಿಂದವರಲ್ವಾ?" ಎಂದು ಅವನು ನಕ್ಕ.

ಕೆಪಾಸಿಟರ್ ತೆಗೆದುಕೊಳ್ಳದೆಯೇ ನಾನು ಹೊರಗೆ ಬಂದೆ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅದಕ್ಕೂ ನಾಲ್ಕು ವರ್ಷಗಳ ಹಿಂದಿನ ಮಳೆಗಾಲದಲ್ಲಿ, ನಾನು ಕೆಲಸಕ್ಕಿದ್ದ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಒಬ್ಬ ಹುಡುಗಿಯ ಸಂಶೋಧನೆಯನ್ನು ನಾನು ಹಾಳು ಮಾಡಿದೆ. ಹಾಳು ಮಾಡಿದ್ದು ಗೊತ್ತಿಲ್ಲದೆ. ಸುಳ್ಳು ಹೇಳಿದ್ದು ಗೊತ್ತಿದ್ದು. ಮೊದಲನೆಯದಕ್ಕೆ ನನ್ನ ಕಣ್ಣು, ಕಲಿಕೆ ಎಂದು ನೆಪ ಕೊಡಬಹುದು. ಎರಡನೆಯದಕ್ಕೆ ನೆಪವೇ ಇಲ್ಲ. ಇಷ್ಟು ಕಾಲ ಕಳೆದ ಮೇಲೆ ಇದನ್ನೆಲ್ಲ ಕೆದಕುವುದು ಯಾಕೆ ಎಂದು ಮನೆಯವರು ಕೇಳುತ್ತಾರೆ. ಸುಮ್ಮನಿದ್ದರೆ ಯಾರಿಗೆ ಲಾಭ ಎಂಬುದು ಈಗ ನನಗೆ ಗೊತ್ತಾಗಿದೆ, ಅದಕ್ಕೇ ಸುಮ್ಮನಿರುವುದಿಲ್ಲ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಹದಿನಾರು ವರ್ಷ ರೇಡಿಯೋ ರಿಪೇರಿ ಅಂಗಡಿಯಲ್ಲಿ ದುಡಿದು, ಆಮೇಲೆ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಅಟೆಂಡರ್ ಆದೆ. ಅಲ್ಲಿ ನನ್ನ ಕೆಲಸ ಎಚ್ಚಿಂಗ್. ತಾಮ್ರದ ಹಾಳೆ ಅಂಟಿಸಿದ ಬೋರ್ಡಿನ ಮೇಲೆ ಫಿಲ್ಮಿನಲ್ಲಿರುವ ಚಿತ್ರವನ್ನು ಇಳಿಸಿ, ಬೋರ್ಡನ್ನು ಫೆರಿಕ್ ಕ್ಲೋರೈಡಿನ ತಟ್ಟೆಯಲ್ಲಿ ಮುಳುಗಿಸಿ, ಬೇಡದ ತಾಮ್ರವನ್ನು ಕರಗಿಸುವುದು. ಎಷ್ಟು ಹೊತ್ತು ಅಲ್ಲಾಡಿಸಬೇಕು, ಯಾವಾಗ ಎತ್ತಬೇಕು ಎಂಬುದು ಪುಸ್ತಕದಲ್ಲಿ ಇರುವುದಿಲ್ಲ. ಅದು ಕೈಗೆ ಗೊತ್ತಿರಬೇಕು. ನನ್ನ ಕೈಗೆ ಗೊತ್ತಿತ್ತು, ಆ ಜಂಬವೂ ನನಗಿತ್ತು.

ರೆನಿಟಾ ಬೋಳಾರದ ಹುಡುಗಿ. ಕೊಂಕಣಿ ಮಾತನಾಡುವ ಕ್ರಿಶ್ಚಿಯನ್ ಮನೆ. ತಾಯಿ ನರ್ಸ್ ಆಗಿದ್ದವರು, ತಂದೆ ಮೀನುಗಾರಿಕಾ ಬೋಟುಗಳ ಎಂಜಿನ್ ಮೆಕ್ಯಾನಿಕ್. ಅವಳು ಪಿಎಚ್.ಡಿ.ಗೆ ಮಾಡುತ್ತಿದ್ದದ್ದು ಚಿಕ್ಕ ಆಂಟೆನಾ. ಲೈಫ್ ಜಾಕೆಟ್ಟಿನೊಳಗೆ ಹೊಲಿದುಬಿಡಬಹುದಾದಷ್ಟು ಚಿಕ್ಕದು. ನೀರಿಗೆ ಬಿದ್ದವನು ಎಲ್ಲಿದ್ದಾನೆಂದು ಅದು ದಡಕ್ಕೆ ಹೇಳಬೇಕು.

"ಇಷ್ಟು ಸಣ್ಣದರಲ್ಲಿ ಅಷ್ಟು ದೂರ ಹೋಗ್ತದಾ ಮೇಡಂ?" ಎಂದು ಒಮ್ಮೆ ಕೇಳಿದ್ದೆ.

"ಮೇಡಂ ಬೇಡ ಸಂಜೀವಣ್ಣ, ಹೆಸರು ಹೇಳಿ. ಸುಮ್ಮನೆ ತಾಮ್ರ ಇಟ್ಟರೆ ಹೋಗೋದಿಲ್ಲ. ಇದಕ್ಕೆ ಮೆಟಾಮೆಟೀರಿಯಲ್ ಅಂತ ಹೇಳ್ತಾರೆ. ಪ್ರಕೃತಿಯಲ್ಲಿ ತಾಮ್ರಕ್ಕೆ ಇಲ್ಲದ ಗುಣವನ್ನು ನಾವು ಆಕಾರದಿಂದ ಕೊಡುವುದು. ಆಕಾರವೇ ಎಲ್ಲ."

ನಾನು ತಲೆಯಾಡಿಸಿದೆ. ಕೇಳಿಸಿಕೊಂಡೆ, ತಿಳಿದುಕೊಳ್ಳಲಿಲ್ಲ. ಬೋರ್ಡಿನ ಮುಂಭಾಗದಲ್ಲಿ ತಾಮ್ರದ ಒಂದು ತೇಪೆ, ಹಿಂಭಾಗದಲ್ಲಿ ಆರು ಸಾಲಿನಲ್ಲಿ ಆರಾರು ಪುಟ್ಟ ಉಂಗುರಗಳು. ಅಂಥ ಎಂಟು ಬೋರ್ಡುಗಳನ್ನು ಎರಡು ವರ್ಷದಲ್ಲಿ ಅವಳಿಗೆ ಮಾಡಿಕೊಟ್ಟಿದ್ದೆ. ಅವಳು ಅಳೆದು ನೋಡಿ ಖುಷಿಯಿಂದ ಬರುತ್ತಿದ್ದಳು. ಅಷ್ಟರಿಂದಲೇ ನನಗೂ ತೃಪ್ತಿ.

ಆ ಕೆಲಸಕ್ಕೆ ಹಣ ಕೊಡುತ್ತಿದ್ದದ್ದು ಒಂದು ಕಂಪೆನಿ. ಹೆಸರು ಬರೆಯುವುದಿಲ್ಲ, ಬರೆದರೂ ಪ್ರಯೋಜನವಿಲ್ಲ, ಆಮೇಲೆ ಅದನ್ನು ಇನ್ನೊಂದು ಕಂಪೆನಿ ಕೊಂಡುಕೊಂಡಿತು. ಅದು ಯಾವ ದೇಶದ್ದೆಂದು ನಮ್ಮ ಪ್ರೊಫೆಸರರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿದ್ದವಳು ಶಾಹಿದಾ ಒಬ್ಬಳೇ. ಅವಳು ರೆನಿಟಾಳ ಗೆಳತಿ, ರಾಜಕೀಯ ಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ ಬ್ಯಾರಿ ಮುಸ್ಲಿಂ ಹುಡುಗಿ. ಇಬ್ಬರೂ ಕದ್ರಿಯಲ್ಲಿ ಒಂದೇ ಬಾಡಿಗೆ ಕೋಣೆಯಲ್ಲಿದ್ದರು. ಸಂಜೆ ನಮ್ಮ ಲ್ಯಾಬಿಗೆ ಬಂದು, ಮಳೆ ಬಿಡುವವರೆಗೆ ಸ್ಟೂಲಿನ ಮೇಲೆ ಕೂತು ನಮ್ಮಿಬ್ಬರ ತಲೆ ತಿನ್ನುವುದು ಅವಳ ಅಭ್ಯಾಸ. ಅವಳ ವಿಷಯ ಇಂಥ ಕಂಪೆನಿಗಳೇ, ದೇಶಗಳ ಗಡಿ ದಾಟಿ ಕೆಲಸ ಮಾಡುವ ಖಾಸಗಿಯವರು.

"ಒಂದು ದೇಶದಲ್ಲಿ ರಿಜಿಸ್ಟ್ರಿ, ಇನ್ನೊಂದರಲ್ಲಿ ಹಣ, ಮತ್ತೊಂದರಲ್ಲಿ ಫ್ಯಾಕ್ಟರಿ," ಎಂದು ಬೆರಳು ಮಡಚಿ ಹೇಳಿದ್ದಳು. "ಓಟು ಹಾಕಿ ಯಾರೂ ಕೂರಿಸಿದ್ದಲ್ಲ. ಆದರೆ ನಿಯಮ ಮಾಡುವುದು ಅವರೇ, ನ್ಯಾಯ ಹೇಳುವುದೂ ಅವರೇ."

"ನಮ್ಮ ಗುತ್ತಿನ ಯಜಮಾನರ ಹಾಗೆ ಅಂತ ಹೇಳಿ," ಎಂದೆ. ನಮ್ಮ ಹಿರಿಯರದೂ ಒಂದು ಗುತ್ತಿನ ಮನೆ. ಒಂದು ಕಾಲದಲ್ಲಿ ಊರಿನ ಜಗಳಗಳೆಲ್ಲ ಅಲ್ಲಿಯ ಚಾವಡಿಯಲ್ಲೇ ತೀರ್ಮಾನವಾಗುತ್ತಿದ್ದವು.

"ಅಲ್ಲ ಮಾರಾಯ್ರೆ. ಯಜಮಾನರಿಗೆ ಚಾವಡಿಯಾದರೂ ಇತ್ತಲ್ಲ? ಅಂಗಳದಲ್ಲಿ ನಿಂತು ಬೊಬ್ಬೆ ಹಾಕಬಹುದಿತ್ತು. ಇವರ ಅಂಗಳ ಎಲ್ಲಿ ಉಂಟು ಅಂತ ಹುಡುಕುವುದೇ ನನ್ನ ಪಿಎಚ್.ಡಿ."

"ಸಿಕ್ಕಿತಾ?"

"ಮೂರು ವರ್ಷ ಆಯ್ತು. ಗೇಟೇ ಸಿಕ್ಕಿಲ್ಲ."

ರೆನಿಟಾ ಬಿದ್ದು ಬಿದ್ದು ನಕ್ಕಿದ್ದಳು. ಆ ನಗು ಆ ಮಳೆಗಾಲದ ಮೊದಲ ವಾರದ್ದು.

ಮೇ ತಿಂಗಳಲ್ಲಿ ನನ್ನ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಹೊಸ ಲೆನ್ಸ್ ಹಾಕಿಸಿಕೊಂಡು ಕೆಲಸಕ್ಕೆ ಹಿಂತಿರುಗಿದಾಗ ಪ್ರಪಂಚವೆಲ್ಲ ತೊಳೆದಿಟ್ಟ ಹಾಗಿತ್ತು. ಗೋಡೆಯ ಪಾಚಿಯ ಒಂದೊಂದು ಎಳೆಯೂ ಕಾಣುತ್ತಿತ್ತು. ಜುಲೈಯಲ್ಲಿ ಕಂಪೆನಿಯವರು ಪರೀಕ್ಷೆಗೆ ಬರುವವರಿದ್ದರು. ಅವರ ಎದುರು ಅಳೆದು ತೋರಿಸಲು ಒಂಬತ್ತನೆಯ ಬೋರ್ಡ್ ಬೇಕೆಂದು ರೆನಿಟಾ ಫಿಲ್ಮ್ ಕೊಟ್ಟಳು. ಎಚ್ಚಿಂಗ್ ಮುಗಿಸಿ, ತೊಳೆದು, ಭೂತಗನ್ನಡಿಯಲ್ಲಿ ನೋಡಿದೆ.

ಪ್ರತಿಯೊಂದು ಉಂಗುರವೂ ಒಂದು ಕಡೆ ತುಂಡಾಗಿತ್ತು. ಕೂದಲೆಳೆಯಷ್ಟು ಸೀಳು. ಮೂವತ್ತಾರಕ್ಕೆ ಮೂವತ್ತಾರೂ.

ರಿಪೇರಿ ಕೆಲಸದಲ್ಲಿ ಬೆಳೆದವನಿಗೆ ತಾಮ್ರದ ದಾರಿ ತುಂಡಾಗಿರುವುದೆಂದರೆ ರೋಗ. ಸತ್ತ ರೇಡಿಯೋ ಬಂದರೆ ನಾವು ಮೊದಲು ಹುಡುಕುತ್ತಿದ್ದದ್ದೇ ಅದನ್ನು. ಸಿಕ್ಕಿದ ಕೂಡಲೇ ಒಂದು ಹನಿ ಸೋಲ್ಡರ್ ಹಾಕಿ ಸೇರಿಸಿದರೆ ರೇಡಿಯೋ ಹಾಡುತ್ತದೆ. ಉಂಗುರಗಳ ಸೀಳುಗಳೆಲ್ಲ ಒಂದೊಂದು ಸಾಲಿನಲ್ಲಿ ಒಂದೇ ನೇರಕ್ಕಿದ್ದವು. ಹಾಗಿದ್ದ ಮೇಲೆ ಅದು ಬೇಕೆಂದೇ ಬಿಟ್ಟದ್ದಿರಬಹುದೇ ಎಂದು ಯೋಚಿಸಬೇಕಿತ್ತು. ನಾನು ಯೋಚಿಸಿದ್ದು ಫಿಲ್ಮ್ ಮುದ್ರಿಸುವ ನಮ್ಮ ವಿಭಾಗದ ಪ್ರಿಂಟರನ್ನು. ಅದು ಕಾಗದದ ಉದ್ದಕ್ಕೂ ಬಿಳಿ ಗೀರು ಬಿಡುವುದು ಎಲ್ಲರಿಗೂ ಗೊತ್ತಿದ್ದ ಕಾಯಿಲೆ. ಫಿಲ್ಮಿನಲ್ಲೇ ಗೀರು ಬಿದ್ದಿದೆ, ಮಂಜು ಕಣ್ಣಿಗೆ ಇಷ್ಟು ದಿನ ಕಾಣಲಿಲ್ಲ, ಎರಡು ವರ್ಷದಿಂದ ಈ ಹುಡುಗಿಗೆ ತುಂಡಾದ ಉಂಗುರಗಳನ್ನೇ ಕೊಡುತ್ತ ಬಂದಿದ್ದೇನೆ ಎಂದುಕೊಂಡೆ. ಆ ಎಂಟೂ ಬೋರ್ಡುಗಳು ಸರಿಯಾಗಿಯೇ ಕೆಲಸ ಮಾಡಿದ್ದವೆಂಬುದು ತಲೆಗೆ ಬರಲೇ ಇಲ್ಲ.

ಅವಳನ್ನು ಕರೆದು ತೋರಿಸಿದ್ದರೆ ಒಂದು ನಿಮಿಷದ ಮಾತು. ಕರೆಯಲಿಲ್ಲ. ಸಂಜೀವಣ್ಣನ ಕೈ ತಪ್ಪುವುದಿಲ್ಲ ಎಂದು ಅವಳು ಎಲ್ಲರೆದುರು ಹೇಳುತ್ತಿದ್ದಳು. ಆ ಮಾತನ್ನು ಉಳಿಸಿಕೊಳ್ಳಬೇಕಿತ್ತು ನನಗೆ. ಬೆಸುಗೆಯ ಕಡ್ಡಿಗೆ ಅತಿ ಸಪೂರದ ತುದಿ ಹಾಕಿ, ಮಧ್ಯಾಹ್ನವಿಡೀ ಕೂತು, ಉಸಿರು ಬಿಗಿಹಿಡಿದು ಮೂವತ್ತಾರು ಸೀಳುಗಳನ್ನು ಮುಚ್ಚಿದೆ. ಉಜ್ಜಿ ಸಮ ಮಾಡಿದೆ. ನಮ್ಮೂರಿನ ಉಪ್ಪುಗಾಳಿಗೆ ತಾಮ್ರ ಒಂದೇ ವಾರದಲ್ಲಿ ಹಸಿರಾಗುತ್ತದೆ. ಅದಕ್ಕೆ ಮಳೆಗಾಲದಲ್ಲಿ ಬೋರ್ಡುಗಳಿಗೆ ತೆಳುವಾಗಿ ಕಲಾಯಿ ಹಾಕುವ ಕ್ರಮವಿತ್ತು. ಕಲಾಯಿಯ ಕೆಳಗೆ ನನ್ನ ಬೆಸುಗೆಯ ಗುರುತೇ ಉಳಿಯಲಿಲ್ಲ, ಸೀಳು ಇದೆಯೋ ಇಲ್ಲವೋ ಎಂದು ಬರಿಗಣ್ಣಿಗೆ ತಿಳಿಯುವಂತೆಯೂ ಇರಲಿಲ್ಲ. ಜೀವಮಾನದಲ್ಲಿ ಅಷ್ಟು ಚಂದದ ಕೆಲಸ ನಾನು ಮಾಡಿರಲಿಲ್ಲ.

ಪರೀಕ್ಷೆಯ ದಿನ ಜಡಿಮಳೆ. ಕಂಪೆನಿಯ ಬೆಂಗಳೂರು ಕಚೇರಿಯಿಂದ ಒಬ್ಬರು ಬಂದಿದ್ದರು. ಪ್ರೊಫೆಸರರ ಜೊತೆ ಇಂಗ್ಲಿಷ್, ನನ್ನ ಹತ್ತಿರ ಮೆದು ಕನ್ನಡ. ಉಳಿದವರು ಎಲ್ಲೆಲ್ಲಿಂದಲೋ ಪರದೆಯ ಮೇಲೆ ಮುಖ ತೋರಿಸುತ್ತಿದ್ದರು. ರೆನಿಟಾ ಬೋರ್ಡನ್ನು ಅಳೆಯುವ ಯಂತ್ರಕ್ಕೆ ಜೋಡಿಸಿದಳು. ಆಂಟೆನಾ ಸರಿಯಿದ್ದರೆ ಆ ಯಂತ್ರದ ಗೆರೆ ಒಂದು ಕಡೆ ಬಾವಿಯ ಹಾಗೆ ಆಳಕ್ಕೆ ಇಳಿಯಬೇಕಿತ್ತು. ಇಳಿಯಲಿಲ್ಲ. ಎಲ್ಲೋ ದೂರದಲ್ಲಿ ಒಂದು ಸಣ್ಣ ತಗ್ಗು, ಅಷ್ಟೆ. ಅವಳು ವಯರು ಬಿಚ್ಚಿ ಮತ್ತೆ ಹಾಕಿದಳು. ಮತ್ತೆ ಅದೇ.

ಆಗ ಅವಳು ಗೋಡೆಯ ಬಿಳಿ ಹಲಗೆಯ ಮೇಲೆ ದೊಡ್ಡದಾಗಿ ಒಂದು ಉಂಗುರ ಬರೆದು, ಅದರ ಒಂದು ಕಡೆ ಬೆರಳಿನಿಂದ ಒರೆಸಿ ಸೀಳು ಮಾಡಿ ಹೇಳಿದಳು. "ಎಲ್ಲ ಇರುವುದು ಈ ಗ್ಯಾಪಿನಲ್ಲಿ. ಇದಿಲ್ಲದಿದ್ದರೆ ಇದು ಬರೀ ತಾಮ್ರದ ಬಳೆ."

ಚಹಾದ ತಟ್ಟೆ ಹಿಡಿದು ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಹೇಳಿದ್ದು ಅವರಿಗೆ, ಅರ್ಥವಾದದ್ದು ನನಗೆ.

"ಹಳೆಯ ಬೋರ್ಡ್ ಒಂದನ್ನು ಅಳೆದು ತೋರಿಸ್ತೇನೆ, ಇಲ್ಲದಿದ್ದರೆ ಇನ್ನೊಂದು ಮಾಡ್ತೇನೆ, ಎರಡು ದಿನ ಕೊಡಿ," ಎಂದಳು.

ಒಪ್ಪಂದದಲ್ಲಿರುವುದು ಒಂದೇ ಪರೀಕ್ಷೆ ಎಂದರು ಬಂದವರು. ಒಂಬತ್ತು ಬೋರ್ಡುಗಳನ್ನೂ ಲಕೋಟೆಯಲ್ಲಿ ಹಾಕಿ ಅರಗು ಒತ್ತಿ ಚೀಲಕ್ಕಿಳಿಸಿದರು. ಬೋರ್ಡುಗಳೂ ಅವರ ಸೊತ್ತಂತೆ. ಹಿಂದಿನ ಅಳತೆಗಳನ್ನೆಲ್ಲ ಅವಳು ಅಳೆಯದೆ ಕೂತಲ್ಲೇ ಬರೆದದ್ದಿರಬಹುದೆಂಬ ಮಾತು ಆಗಲೇ ಪರದೆಯ ಮೇಲಿನ ಒಬ್ಬರ ಬಾಯಿಂದ ಬಂದಾಗಿತ್ತು.

ಅವರು ಹೋದ ಮೇಲೆ ಪ್ರೊಫೆಸರರು ನನ್ನನ್ನು ಕೋಣೆಗೆ ಕರೆದರು. ರೆನಿಟಾ ಅಲ್ಲೇ ಗೋಡೆಗೆ ಒರಗಿ ನಿಂತಿದ್ದಳು.

"ಸಂಜೀವ, ನೀನು ಬೋರ್ಡಿನಲ್ಲಿ ಎಂತಾದರೂ ಬದಲು ಮಾಡಿದ್ದೀಯಾ?"

ನಿವೃತ್ತಿಗೆ ಎರಡು ತಿಂಗಳಿತ್ತು. ಇನ್ನೆರಡು ವರ್ಷ ಮುಂದುವರಿಸಿ ಎಂದು ಕೊಟ್ಟ ನನ್ನ ಅರ್ಜಿ ಅದೇ ಮೇಜಿನ ಮೇಲೆ, ಪೇಪರ್ ವೇಯ್ಟಿನ ಅಡಿಯಲ್ಲಿತ್ತು.

"ಇಲ್ಲ ಸರ್. ಫಿಲ್ಮಿನಲ್ಲಿ ಇದ್ದ ಹಾಗೆಯೇ."

"ಸಂಜೀವಣ್ಣ ಹಾಗೆಲ್ಲ ಮಾಡುವವರಲ್ಲ ಸರ್," ಎಂದಳು ರೆನಿಟಾ.

ಈ ಒಂದು ವಾಕ್ಯವನ್ನು ನಾನು ಎಷ್ಟು ಸಲ ಕೇಳಿಸಿಕೊಂಡಿದ್ದೇನೆಂದು ದೇವರಿಗೇ ಗೊತ್ತು.

ಆಗಸ್ಟ್ ತಿಂಗಳೆಲ್ಲ ವಿಚಾರಣೆ. ವಿಚಾರಣೆ ಮಾಡಿದ್ದು ಕಾಲೇಜೂ ಅಲ್ಲ, ಯುನಿವರ್ಸಿಟಿಯೂ ಅಲ್ಲ. ಕಂಪೆನಿಯದೇ ಒಂದು ವಿಭಾಗ, ಕಂಪ್ಯೂಟರಿನ ಮೂಲಕ, ಪ್ರತಿ ಸಲವೂ ಬೇರೆ ಬೇರೆ ಮುಖ. ಶಾಹಿದಾ ಒಪ್ಪಂದದ ಪುಟಗಳನ್ನೆಲ್ಲ ಓದಿ ಬಂದು ಲ್ಯಾಬಿನ ಸ್ಟೂಲಿನ ಮೇಲೆ ಬಡಿದಳು. "ತಕರಾರು ಇದ್ದರೆ ಬೇರೆ ದೇಶದ ಯಾವುದೋ ಊರಿನಲ್ಲಿ, ಅವರು ಆರಿಸಿದ ಪಂಚರ ಎದುರು ಹೇಳಬೇಕಂತೆ. ಬೋಳಾರದಿಂದ ಅಲ್ಲಿಗೆ ಎಷ್ಟನೇ ನಂಬರಿನ ಬಸ್ಸು ರೆನಿ?"

ರೆನಿಟಾ ನಗಲಿಲ್ಲ.

ಕೊನೆಗೆ ಒಂದು ಕಾಗದ ಬಂತು. ಅಳತೆಗಳಲ್ಲಿ ತಪ್ಪಾಗಿದೆಯೆಂದು ಒಪ್ಪಿ ಸಹಿ ಹಾಕಿದರೆ ವಿಷಯ ಅಲ್ಲಿಗೇ ಮುಗಿಯುತ್ತದೆ, ಬೇರೆ ವಿಷಯ ತೆಗೆದುಕೊಂಡು ಪಿಎಚ್.ಡಿ. ಮುಂದುವರಿಸಬಹುದು. ಪ್ರೊಫೆಸರರು ಪೆನ್ನಿನ ಮುಚ್ಚಳ ತೆಗೆದೇ ಕೊಟ್ಟರು. ಅವಳು ಪೆನ್ನು ತೆಗೆದುಕೊಂಡು ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. "ನಾನು ಅಳೆದದ್ದು ಸುಳ್ಳಲ್ಲ ಸರ್. ಯಾಕೆ ಹೀಗಾಯ್ತು ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತ ಬೇಕಾದರೆ ಬರೆದು ಕೊಡ್ತೇನೆ." ಕೊಡೆ ಬಿಡಿಸದೆಯೇ ಮಳೆಯಲ್ಲಿ ಇಳಿದು ಹೋದಳು. ಅವಳ ಪಿಎಚ್.ಡಿ. ಅಲ್ಲಿಗೇ ನಿಂತಿತು. ಸೆಪ್ಟೆಂಬರಿನಲ್ಲಿ ನನ್ನ ಅರ್ಜಿ ಮಂಜೂರಾಯಿತು.

ಅಂಗಡಿಯಲ್ಲಿ ಆ ಪೊಟ್ಟಣ ಒಡೆದ ಮರುದಿನ ನಾನು ಬೋಳಾರಕ್ಕೆ ಹೊರಟೆ. ಹೆಂಡತಿ ಸುಮತಿ ಅಡ್ಡ ನಿಂತಳು. "ಈ ಪ್ರಾಯದಲ್ಲಿ ಮರ್ಯಾದೆ ತೆಗೆದುಕೊಳ್ಳುವುದು ಎಂತಕ್ಕೆ? ದೇವಸ್ಥಾನದಲ್ಲಿ ತಪ್ಪುಕಾಣಿಕೆ ಹಾಕಿ ಬನ್ನಿ."

"ದೇವರ ಬೋರ್ಡ್ ಹಾಳು ಮಾಡಿದ್ದಲ್ಲ ನಾನು," ಎಂದೆ.

ರೆನಿಟಾ ಈಗ ಮೀನುಗಾರಿಕಾ ಬಂದರಿನ ಧಕ್ಕೆಯಲ್ಲಿ ಬೋಟುಗಳ ವಯರ್‌ಲೆಸ್ ರಿಪೇರಿ ಮಾಡುತ್ತಾಳೆ. ಅಂಗಿಯ ತೋಳು ಮಡಚಿ, ಅಂಗಳದ ಮಾಡಿನಡಿಯಲ್ಲಿ ಒಂದು ಸೆಟ್ ಬಿಚ್ಚಿಟ್ಟುಕೊಂಡು ಕೂತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಅವಳ ತಾಯಿ ನೀರು ತಂದಿಟ್ಟರು, ನಾನು ಮುಟ್ಟಲಿಲ್ಲ. ರೆನಿಟಾ ಬಹಳ ಹೊತ್ತು ಸ್ಕ್ರೂ ಒಂದನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು.

"ಪಿಎಚ್.ಡಿ. ಹೋದದ್ದಕ್ಕೆ ನನಗೆ ಬೇಸರ ಇಲ್ಲ ಸಂಜೀವಣ್ಣ," ಎಂದಳು ಕೊನೆಗೆ. "ನಾಲ್ಕು ವರ್ಷ ನಾನು ನನ್ನ ಲೆಕ್ಕವನ್ನೇ ನಂಬಲಿಲ್ಲ. ಅದನ್ನು ಹೇಗೆ ಕೊಡ್ತೀರಿ ನೀವು?"

ನಾನು ಕರ್ಚೀಫಿನಿಂದ ಕಣ್ಣೊರೆಸಿಕೊಂಡೆ.

"ಅಳಬೇಡಿ, ನನಗೆ ಅದು ಬೇಡ. ಅವತ್ತು ಮಾಡಿದ್ದನ್ನು ಇನ್ನೊಮ್ಮೆ ಮಾಡ್ಲಿಕ್ಕೆ ಆಗ್ತದಾ? ಹಾಗೆಯೇ?"

ಆಯಿತು ಎಂದೆ. ಅವಳ ಹಳೆಯ ಫಿಲ್ಮಿನಿಂದ ಅದೇ ಅಂಗಳದಲ್ಲಿ ಎರಡು ಬೋರ್ಡ್ ಮಾಡಿದೆ. ಒಂದನ್ನು ಫಿಲ್ಮಿನಲ್ಲಿದ್ದ ಹಾಗೆಯೇ ಬಿಟ್ಟೆ. ಇನ್ನೊಂದರಲ್ಲಿ ಮೂವತ್ತಾರು ಸೀಳುಗಳನ್ನು ಮತ್ತೆ ಮುಚ್ಚಿ ಕಲಾಯಿ ಹಾಕಿದೆ. ಅರವತ್ತನಾಲ್ಕರ ಕೈಗೆ ನಾಲ್ಕು ದಿನ ಹಿಡಿಯಿತು. ಶಾಹಿದಾ ಈಗ ಲೆಕ್ಚರರ್. ಅವಳು ರಜೆ ಹಾಕಿ ಬಂದು ಎದುರಿಗೇ ಕೂತು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದಳು. "ಕೈ ಸ್ವಲ್ಪ ಈಚೆ ಸರಿಸಿ ಸಂಜೀವಣ್ಣ, ಅಪರಾಧ ಸರಿಯಾಗಿ ಕಾಣುವುದಿಲ್ಲ," ಎಂದು ಚುಚ್ಚಿದಳು. ಪರಿಚಯದ ಒಬ್ಬ ಮೇಷ್ಟ್ರು ತಮ್ಮ ಕಾಲೇಜಿನ ಅಳೆಯುವ ಯಂತ್ರವನ್ನು ಒಂದು ಮಧ್ಯಾಹ್ನಕ್ಕೆ ಬಿಟ್ಟುಕೊಟ್ಟರು.

ಮೊದಲ ಬೋರ್ಡಿನ ಗೆರೆ ಬಾವಿಯ ಹಾಗೆ ಇಳಿಯಿತು. ಎರಡನೆಯದರ ಗೆರೆಯನ್ನು ರೆನಿಟಾ, ಪರೀಕ್ಷೆಯ ದಿನ ಯಂತ್ರದ ಪರದೆಯಿಂದ ತೆಗೆದಿಟ್ಟುಕೊಂಡಿದ್ದ ಫೋಟೋದ ಪಕ್ಕದಲ್ಲಿಟ್ಟಳು. ಅದೇ ಸಣ್ಣ ತಗ್ಗು, ಅದೇ ಜಾಗದಲ್ಲಿ. ರೆನಿಟಾ ಕುರ್ಚಿಯಲ್ಲಿ ಕುಸಿದು ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, "ಲೆಕ್ಕ ಸರಿ ಇತ್ತು," ಎಂದಳು. ನನ್ನ ಕಡೆ ನೋಡಲಿಲ್ಲ. ನೋಡಬೇಕಾದ ಅಗತ್ಯವೂ ಇರಲಿಲ್ಲ.

ಹಳೆಯ ವಿಷಯದಲ್ಲೇ ಪ್ರಬಂಧ ಸಲ್ಲಿಸಲು ಬಿಡಿ ಎಂಬ ಅವಳ ಅರ್ಜಿ ಕೇಳಲು ಯುನಿವರ್ಸಿಟಿಯ ಸಮಿತಿ ಒಪ್ಪಿತು. ಹಳೆಯ ಕಂಪೆನಿಯನ್ನು ಕೊಂಡವರ ವಕೀಲರು ಪರದೆಯ ಮೇಲೆ ಬಂದರು. ನನ್ನ ಹೇಳಿಕೆಯನ್ನು ಓದಿಸಿ ಕೇಳಿದ ಮೇಲೆ ಅವರು ಇಂಗ್ಲಿಷಿನಲ್ಲಿ ಏನೋ ಅಂದರು. ಅಧ್ಯಕ್ಷರು ನನಗೆ ಕನ್ನಡದಲ್ಲಿ ತಿಳಿಸಿದರು. "ನೀವು ಒಮ್ಮೆ ಸುಳ್ಳು ಹೇಳಿದವರು. ಈಗ ಹೇಳುವುದನ್ನು ಹೇಗೆ ನಂಬುವುದು ಎಂದು ಕೇಳುತ್ತಿದ್ದಾರೆ."

"ನಂಬುವುದು ಬೇಡ ಸರ್," ಎಂದೆ. "ಒಂಬತ್ತನೇ ಬೋರ್ಡ್ ಅವರ ಹತ್ತಿರವೇ ಉಂಟು. ತರಿಸಿ. ನಿಮ್ಮೆದುರಿಗೆ ಕಲಾಯಿ ತೆಗೆದು ತೋರಿಸ್ತೇನೆ. ಕೆಳಗೆ ನನ್ನ ಬೆಸುಗೆ ಇಲ್ಲದಿದ್ದರೆ ನನ್ನನ್ನು ಪೊಲೀಸರಿಗೆ ಕೊಡಿ."

ಪರದೆಯ ಮೇಲಿನವರು ತಮ್ಮ ಕಾಗದಗಳನ್ನು ಮಗುಚಿ ನೋಡಿದರು. ಆ ಬೋರ್ಡುಗಳು ಈಗ ಯಾವ ಕಚೇರಿಯಲ್ಲಿವೆ ಎಂಬುದಕ್ಕೆ ದಾಖಲೆಯಿಲ್ಲ ಎಂದರು. ಸಮಿತಿಯ ಒಬ್ಬರು ಮುಸಿಮುಸಿ ನಕ್ಕರು. ಪ್ರಬಂಧ ಸಲ್ಲಿಸಲು ಅವಳಿಗೆ ಅನುಮತಿ ಸಿಕ್ಕಿತು. ಮುಚ್ಚಿದ ಸೀಳುಗಳ ಮೇಲೆಯೇ ಅವಳು ಒಂದು ಅಧ್ಯಾಯ ಬರೆದಿದ್ದಾಳೆ. ನನ್ನ ಹೇಳಿಕೆ ಅದರ ಕೊನೆಯಲ್ಲಿದೆ. ಮೆಟ್ಟಿಲು ಇಳಿಯುವಾಗ ಅವಳು ಹೇಳಿದ್ದು ಇಷ್ಟೆ. "ಇದಕ್ಕೆ ನಾನು ಥ್ಯಾಂಕ್ಸ್ ಹೇಳುವುದಿಲ್ಲ." ಹೇಳಬಾರದು ಎಂದೆ. ಕ್ಷಮಿಸು ಎಂದು ನಾನೂ ಕೇಳಿಲ್ಲ. ಅದು ಅವಳ ಸೊತ್ತು, ಕೊಡುವುದೂ ಬಿಡುವುದೂ ಅವಳಿಗೆ ಬಿಟ್ಟದ್ದು.

ಕಳೆದ ವಾರ ಶಕ್ತಿನಗರದ ನಮ್ಮ ಮನೆಗೆ ಕೊರಿಯರಿನಲ್ಲಿ ಆ ಕಂಪೆನಿಯ ವಕೀಲರ ಒಂದು ಪತ್ರ ಬಂತು. ಮಗ ಓದಿ ಹೇಳಿದ. ಕೆಲಸದಲ್ಲಿದ್ದಾಗ ನಾನು ಸಹಿ ಹಾಕಿದ ಯಾವುದೋ ಗುಟ್ಟಿನ ಕಾಗದದ ಪ್ರಕಾರ ಆ ಬೋರ್ಡಿನ ಬಗ್ಗೆ ನಾನು ಎಲ್ಲಿಯೂ ಮಾತನಾಡಬಾರದು, ಬರೆಯಬಾರದು, ಸಾಕ್ಷಿ ಹೇಳಬಾರದು. ಇದನ್ನು ಒಪ್ಪಿದ್ದೇನೆಂದು ಕೆಳಗೆ ಸಹಿ ಹಾಕಿ ಹದಿನೈದು ದಿನದೊಳಗೆ ಕಳುಹಿಸಬೇಕು. "ಹಾಕಿಬಿಡಿ ಅಪ್ಪ, ನಮಗೆಂತಕ್ಕೆ ದೊಡ್ಡವರ ಸಹವಾಸ?" ಎಂದ ಮಗ.

ಬರುವ ತಿಂಗಳು ರೆನಿಟಾಳ ವೈವಾ, ಪ್ರಬಂಧದ ಮೌಖಿಕ ಪರೀಕ್ಷೆ. ಬಾಗಿಲು ತೆರೆದಿಟ್ಟೇ ನಡೆಸುವುದಂತೆ, ಯಾರು ಬೇಕಾದರೂ ಕೂರಬಹುದು, ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಆ ಪತ್ರ ಬಂದಿರುವುದು ಅದನ್ನು ನೋಡಿಕೊಂಡೇ ಎನ್ನುತ್ತಾಳೆ ಶಾಹಿದಾ. ಒಮ್ಮೆ ಹೆದರಿ ಬಾಯಿ ಮುಚ್ಚಿದ್ದಕ್ಕೆ ಏನಾಯಿತೆಂದು ನಾನು ಕಂಡವನು. ಪತ್ರದಲ್ಲಿ ಸಹಿಗೆ ಬಿಟ್ಟ ಜಾಗ ಖಾಲಿಯಾಗಿಯೇ ಇದೆ. ಅವರು ಬರೆಯಬೇಡ ಎಂದಿದ್ದನ್ನು ಇಲ್ಲಿ ಬರೆದಿದ್ದೇನೆ, ಸಹಿ ಇದರ ಕೆಳಗೆ ಹಾಕುತ್ತೇನೆ: ಸಂಜೀವ ಶೆಟ್ಟಿ, ಶಕ್ತಿನಗರ, ಮಂಗಳೂರು. ಆ ಬೋರ್ಡನ್ನು ಹಾಳು ಮಾಡಿದವನು ನಾನು. ರೆನಿಟಾ ಅಳೆದದ್ದು ನಿಜ. ವೈವಾದ ದಿನ ಮೊದಲ ಸಾಲಿನಲ್ಲಿ ಕೂತಿರುತ್ತೇನೆ. ಕೇಳುವುದಿದ್ದವರು ನನ್ನನ್ನು ಕೇಳಲಿ.